ಚಳಿಗಾಲದ ಟ್ರೌಟ್ ಫ್ಲೈ ಮೀನುಗಾರಿಕೆ

ಚಳಿಗಾಲದ ಟ್ರೌಟ್ ಫ್ಲೈ ಮೀನುಗಾರಿಕೆ ಎಂಬುದು ಶೀತಪ್ರದೇಶದ ನದಿಗಳಲ್ಲಿ, ಹಿಮ ಬೀಳುವ ತಿಂಗಳುಗಳಲ್ಲಿ, ಕೃತಕ ನೊಣವನ್ನು ಕಟ್ಟಿದ ಗಾಳದಿಂದ ಟ್ರೌಟ್ ಮೀನುಗಳನ್ನು ಹಿಡಿಯುವ ಹವ್ಯಾಸ. ಇದರಲ್ಲಿ ಎರೆಹುಳು ಮೊದಲಾದ ಜೀವಂತ ಎರೆಗಳನ್ನು ಬಳಸುವುದಿಲ್ಲ. ಹಕ್ಕಿಯ ಗರಿ, ಪ್ರಾಣಿಯ ರೋಮ, ದಾರ, ಲೋಹದ ತಂತಿ ಇವುಗಳನ್ನು ಸಣ್ಣ ಕೊಕ್ಕೆಯೊಂದಕ್ಕೆ ಸುತ್ತಿ, ಮೀನು ತಿನ್ನುವ ಕೀಟದ ರೂಪವನ್ನು ಅದಕ್ಕೆ ಕೊಡಲಾಗುತ್ತದೆ. ಈ ಕೃತಕ ಕೀಟಕ್ಕೆ ಇಂಗ್ಲಿಷಿನಲ್ಲಿ ಫ್ಲೈ ಎಂಬ ಹೆಸರಿರುವುದರಿಂದ ಈ ಕಲೆಗೆ ಫ್ಲೈ ಮೀನುಗಾರಿಕೆ ಎಂಬ ಹೆಸರು ಬಂದಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಕೊಲರಾಡೊ, ನ್ಯೂ ಮೆಕ್ಸಿಕೊ, ಯೂಟಾ, ಮೊಂಟಾನಾ, ಅರ್ಕನ್ಸಾ ಮುಂತಾದ ರಾಜ್ಯಗಳಲ್ಲಿ, ಮುಖ್ಯವಾಗಿ ದೊಡ್ಡ ಅಣೆಕಟ್ಟುಗಳ ಕೆಳಗಿನ ನದಿಭಾಗಗಳಲ್ಲಿ, ಇದು ಹೆಚ್ಚು ಪ್ರಚಾರದಲ್ಲಿದೆ. ನಸುಕಿನಲ್ಲಿ ಏಳುವ ಅಗತ್ಯವಿಲ್ಲದಿರುವುದು, ನಡುಹಗಲಿನ ಎರಡು ಮೂರು ಗಂಟೆಗಳಲ್ಲೇ ಮುಗಿಯುವುದು, ನದಿಯ ದಡದಲ್ಲಿ ಜನಸಂದಣಿ ಇಲ್ಲದಿರುವುದು ಈ ಕಾರಣಗಳಿಂದ ಅನೇಕ ಕುಟುಂಬಗಳು ಮಕ್ಕಳೊಡನೆ ಈ ಋತುವಿನಲ್ಲಿ ನದಿಗೆ ಹೋಗುತ್ತವೆ. ಆದರೆ ಇದೇ ಋತುವಿನಲ್ಲಿ ನೀರು ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾಗಿರುತ್ತದೆ ಮತ್ತು ನದಿಯ ತಳದ ಜಲ್ಲಿಯೊಳಗೆ ಮುಂದಿನ ಪೀಳಿಗೆಯ ಮೀನಿನ ಮೊಟ್ಟೆಗಳಿರುತ್ತವೆ. ಹೀಗಾಗಿ ಮೀನನ್ನು ಹಿಡಿಯುವ ಜಾಣ್ಮೆಗಿಂತ ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬ ತಿಳಿವಳಿಕೆಯೇ ಚಳಿಗಾಲದ ಮೀನುಗಾರಿಕೆಯಲ್ಲಿ ಮುಖ್ಯವಾದುದು.

ಟ್ರೌಟ್ ಮೀನು

ಟ್ರೌಟ್ ಎಂಬುದು ಸಾಲ್ಮನ್ ಮೀನುಗಳ ಕುಟುಂಬಕ್ಕೆ ಸೇರಿದ ಹಲವು ಪ್ರಭೇದಗಳ ಸಾಮಾನ್ಯ ಹೆಸರು. ಅವುಗಳಲ್ಲಿ ಹವ್ಯಾಸಿ ಮೀನುಗಾರರಿಗೆ ಹೆಚ್ಚು ಪರಿಚಿತವಾದವು ಎರಡು. ಬ್ರೌನ್ ಟ್ರೌಟ್ (ಸಾಲ್ಮೊ ಟ್ರುಟ್ಟಾ) ಯುರೋಪ್ ಮತ್ತು ಪಶ್ಚಿಮ ಏಷ್ಯಾದ ಮೂಲನಿವಾಸಿ. ರೇನ್‌ಬೋ ಟ್ರೌಟ್ (ಆಂಕೊರಿಂಕಸ್ ಮೈಕಿಸ್) ಉತ್ತರ ಅಮೆರಿಕದ ಪಶ್ಚಿಮ ಕರಾವಳಿ ಮತ್ತು ಈಶಾನ್ಯ ಏಷ್ಯಾದ ನದಿಗಳಿಗೆ ಸೇರಿದ್ದು. ಪಕ್ಕೆಯ ಮೇಲಿನ ಕೆಂಪು ಪಟ್ಟಿಯಿಂದ ಇದನ್ನು ಗುರುತಿಸಬಹುದು. ಬ್ರೌನ್ ಟ್ರೌಟ್‌ನ ಮೊಟ್ಟೆಗಳು 1883ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಬಂದವು. ಮರುವರ್ಷ ಮಿಶಿಗನ್ ರಾಜ್ಯದ ನದಿಯಲ್ಲಿ ಅವುಗಳ ಮರಿಗಳನ್ನು ಬಿಡಲಾಯಿತು.

ಟ್ರೌಟ್ ತಂಪಾದ, ಆಮ್ಲಜನಕ ಹೆಚ್ಚಿರುವ ನೀರನ್ನು ಬಯಸುತ್ತದೆ. ಸುಮಾರು 12ರಿಂದ 17 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಚುರುಕಾಗಿ ಆಹಾರ ಹುಡುಕುತ್ತದೆ. 20 ಡಿಗ್ರಿಗಿಂತ ಮೇಲೇರಿದರೆ ಬಳಲುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದಾದರೆ, ಸೊನ್ನೆ ಡಿಗ್ರಿಯ ನೀರು 14 ಮಿಲಿಗ್ರಾಮಿಗಿಂತ ಹೆಚ್ಚನ್ನು ಹಿಡಿದಿಡುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಉಸಿರಾಟ ಟ್ರೌಟ್‌ಗೆ ತೊಡಕಲ್ಲ; ಶಕ್ತಿಯ ಉಳಿತಾಯವೇ ಅದರ ಮುಂದಿರುವ ಪ್ರಶ್ನೆ.

ಚಳಿಯಲ್ಲಿ ಮೀನಿನ ವರ್ತನೆ

ಟ್ರೌಟ್ ಶೀತರಕ್ತ ಪ್ರಾಣಿ. ಅದರ ದೇಹದ ಉಷ್ಣತೆ ಸುತ್ತಲಿನ ನೀರಿನ ಉಷ್ಣತೆಯನ್ನೇ ಅನುಸರಿಸುತ್ತದೆ. ನೀರು 10 ಡಿಗ್ರಿಯಷ್ಟು ತಣ್ಣಗಾದರೆ ಅದರ ಚಯಾಪಚಯ ಕ್ರಿಯೆ ಸ್ಥೂಲವಾಗಿ ಅರ್ಧಕ್ಕೆ ಇಳಿಯುತ್ತದೆ. ತಿಂದ ಆಹಾರ ನಿಧಾನವಾಗಿ ಜೀರ್ಣವಾಗುತ್ತದೆ, ಹಸಿವೂ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ರಭಸದ ಹರಿವಿನ ನಡುವೆ ನಿಂತು ಕೀಟವನ್ನು ಅಟ್ಟಿ ಹಿಡಿಯುವ ಮೀನು ಚಳಿಗಾಲದಲ್ಲಿ ಆಳವಾದ, ನಿಧಾನಗತಿಯ ಮಡುವಿಗೆ ಇಳಿದು ತಳಕ್ಕೆ ಹತ್ತಿರವಾಗಿ ನಿಲ್ಲುತ್ತದೆ. ಅಲ್ಲಿ ತೇಲಿಬರುವ ಆಹಾರ ಬಾಯಿಯ ಮುಂದೆಯೇ ಹಾದುಹೋದರೆ ಮಾತ್ರ ಅದು ಬಾಯಿ ತೆರೆಯುತ್ತದೆ. ಈಜಲು ವ್ಯಯವಾಗುವ ಶಕ್ತಿ ಆಹಾರದಿಂದ ದೊರೆಯುವ ಶಕ್ತಿಗಿಂತ ಹೆಚ್ಚಾದರೆ ಮೀನಿಗೆ ನಷ್ಟ. ಒಂದಡಿ ಪಕ್ಕದಲ್ಲಿ ತೇಲಿಹೋದ ಕೀಟವನ್ನೂ ಅದು ಬಿಟ್ಟುಬಿಡುವುದುಂಟು.

ಚಳಿಗಾಲದ ಮೀನುಗಾರಿಕೆಯ ಎಲ್ಲ ವಿಧಾನಗಳೂ ಈ ಒಂದು ಸಂಗತಿಯಿಂದ ಹೊರಟಿವೆ. ಮೀನು ನೊಣದ ಬಳಿಗೆ ಬರುವುದಿಲ್ಲ; ನೊಣವನ್ನೇ ಮೀನಿನ ಬಳಿಗೆ ಒಯ್ಯಬೇಕು.

ಬಿಸಿಲೇರಿದಂತೆ ನೀರಿನ ಉಷ್ಣತೆ ಒಂದೆರಡು ಡಿಗ್ರಿ ಹೆಚ್ಚಿದರೂ ಸಾಕು, ಮೀನಿನ ಚಟುವಟಿಕೆ ಹೆಚ್ಚುತ್ತದೆ. ಆದುದರಿಂದ ಬೆಳಿಗ್ಗೆ 10 ಗಂಟೆಯಿಂದ ಮಧ್ಯಾಹ್ನ 3 ಗಂಟೆಯವರೆಗಿನ ಅವಧಿಯೇ ಮೀನು ಸಿಗುವ ಹೊತ್ತು.

ಇತಿಹಾಸ

ಕೃತಕ ನೊಣದಿಂದ ಮೀನು ಹಿಡಿಯುವ ಪದ್ಧತಿಯ ಹಳೆಯ ವಿವರಣೆಯೊಂದು ಕ್ರಿ.ಶ. 200ರ ಸುಮಾರಿಗೆ ಬರೆದ ರೋಮನ್ ಲೇಖಕ ಈಲಿಯನ್‌ನ ಕೃತಿಯಲ್ಲಿದೆ. ಮ್ಯಾಸಿಡೋನಿಯದ ನದಿಯೊಂದರಲ್ಲಿ ಅಲ್ಲಿಯ ಜನ ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಗರಿಗಳನ್ನು ಕಟ್ಟಿ, ಚುಕ್ಕೆಗಳುಳ್ಳ ಮೀನುಗಳನ್ನು ಹಿಡಿಯುತ್ತಿದ್ದರೆಂದು ಆತ ಹೇಳುತ್ತಾನೆ. ಇಂಗ್ಲೆಂಡಿನಲ್ಲಿ ಗಾಳದ ಮೀನುಗಾರಿಕೆಯನ್ನು ಕುರಿತ ಪ್ರಬಂಧವೊಂದು 1496ರಲ್ಲಿ ಅಚ್ಚಾಯಿತು. ಐಸಾಕ್ ವಾಲ್ಟನ್‌ನ ಪ್ರಸಿದ್ಧ ಕೃತಿ 'ದಿ ಕಂಪ್ಲೀಟ್ ಆ್ಯಂಗ್ಲರ್' 1653ರಲ್ಲಿ ಪ್ರಕಟವಾಯಿತು. 1676ರ ಆವೃತ್ತಿಗೆ ಚಾರ್ಲ್ಸ್ ಕಾಟನ್ ಫ್ಲೈ ಮೀನುಗಾರಿಕೆಯ ಭಾಗವನ್ನು ಬರೆದು ಸೇರಿಸಿದನು.

ನೀರಿನ ಮೇಲೆ ತೇಲುವ ನೊಣವೇ ಶ್ರೇಷ್ಠವೆಂಬ ಭಾವನೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಲವಾಗಿತ್ತು. ಇದನ್ನು ಪ್ರಶ್ನಿಸಿದವರಲ್ಲಿ ಜಿ.ಇ.ಎಂ. ಸ್ಕ್ಯೂಸ್ ಪ್ರಮುಖನು. ಟ್ರೌಟ್ ತನ್ನ ಆಹಾರದ ಬಹುಭಾಗವನ್ನು ನೀರಿನ ಒಳಗೇ ಪಡೆಯುತ್ತದೆ ಎಂಬುದನ್ನು ಗಮನಿಸಿ, ಕೀಟಗಳ ಮರಿರೂಪವಾದ ನಿಂಫ್‌ಗಳನ್ನು ಅನುಕರಿಸುವ ವಿಧಾನವನ್ನು ಆತ 1910ರಿಂದ ತನ್ನ ಪುಸ್ತಕಗಳಲ್ಲಿ ಪ್ರತಿಪಾದಿಸಿದನು. ವಿಲ್ಟ್‌ಶೈರ್ ಪ್ರದೇಶದ ಏವನ್ ನದಿಯ ಕಾವಲುಗಾರನಾಗಿದ್ದ ಫ್ರ್ಯಾಂಕ್ ಸಾಯರ್ ಫೆಸೆಂಟ್ ಹಕ್ಕಿಯ ಬಾಲದ ಗರಿ ಮತ್ತು ತಾಮ್ರದ ತಂತಿ ಇವೆರಡರಿಂದಲೇ ಕಟ್ಟಿದ ನಿಂಫ್ ಇಂದಿಗೂ ಬಳಕೆಯಲ್ಲಿದೆ. ತಂತಿಯ ಭಾರದಿಂದ ಅದು ಬೇಗ ಮುಳುಗುತ್ತದೆ. ಚಳಿಗಾಲದ ಮೀನುಗಾರಿಕೆಗೆ ಅಡಿಪಾಯವಾದುದು ಈ ಮುಳುಗುವ ನಿಂಫ್.

ಅಣೆಕಟ್ಟುಗಳ ಕೆಳಗಿನ ನದಿಗಳು

ಬೆಟ್ಟದ ಮೇಲಿನ ಸಹಜ ತೊರೆಗಳು ಚಳಿಗಾಲದಲ್ಲಿ ಬಹುಮಟ್ಟಿಗೆ ಹೆಪ್ಪುಗಟ್ಟುತ್ತವೆ. ಹಾಗಿದ್ದೂ ಜನವರಿ ತಿಂಗಳಲ್ಲಿ ಗಾಳ ಹಾಕಲು ಸಾಧ್ಯವಾಗಿರುವುದು ಅಣೆಕಟ್ಟುಗಳಿಂದ. ಇದರ ಹಿಂದೆ ನೀರಿನ ಒಂದು ವಿಶೇಷ ಗುಣವಿದೆ. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು ಸುಮಾರು 4 ಡಿಗ್ರಿ ಉಷ್ಣತೆಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೇರಿ ಮಂಜುಗಡ್ಡೆಯಾಗುತ್ತದೆ. ಹೀಗಾಗಿ ಆಳವಾದ ಜಲಾಶಯದ ಮೇಲ್ಭಾಗ ಹೆಪ್ಪುಗಟ್ಟಿದರೂ ಅದರ ತಳದ ನೀರು ಸುಮಾರು 4 ಡಿಗ್ರಿಯಲ್ಲಿಯೇ ಉಳಿಯುತ್ತದೆ. ಅಣೆಕಟ್ಟಿನ ಕೆಳತೂಬಿನಿಂದ ಈ ನೀರನ್ನು ಹೊರಬಿಟ್ಟಾಗ ಕೆಳಗಿನ ನದಿ ಹಲವು ಕಿಲೋಮೀಟರ್ ದೂರ ಹೆಪ್ಪುಗಟ್ಟದೆ ಹರಿಯುತ್ತದೆ. ಬೇಸಿಗೆಯಲ್ಲಿಯೂ ಅದೇ ತಳದ ನೀರು ಬರುವುದರಿಂದ ನದಿ ತಂಪಾಗಿರುತ್ತದೆ.

ಇಂತಹ ನದಿಭಾಗಗಳಲ್ಲಿ ಮುಖ್ಯವಾದವು:

- ಸ್ಯಾನ್ ಹ್ವಾನ್ ನದಿ, ನ್ಯೂ ಮೆಕ್ಸಿಕೊ: 1962ರಲ್ಲಿ ಪೂರ್ಣಗೊಂಡ ನವಾಹೊ ಅಣೆಕಟ್ಟಿನ ಕೆಳಭಾಗ. ಅಣೆಕಟ್ಟಿನ ಹತ್ತಿರದ ಕೆಲವು ಕಿಲೋಮೀಟರುಗಳಲ್ಲಿ ಹಿಡಿದ ಟ್ರೌಟನ್ನು ಮರಳಿ ನೀರಿಗೆ ಬಿಡಬೇಕೆಂಬ ನಿಯಮವಿದೆ.
- ಗ್ರೀನ್ ನದಿ, ಯೂಟಾ: 1964ರಲ್ಲಿ ಪೂರ್ಣಗೊಂಡ ಫ್ಲೇಮಿಂಗ್ ಗೋರ್ಜ್ ಅಣೆಕಟ್ಟಿನ ಕೆಳಭಾಗ.
- ಸೌತ್ ಪ್ಲಾಟ್ ನದಿ, ಕೊಲರಾಡೊ: 1905ರಲ್ಲಿ ಪೂರ್ಣಗೊಂಡ ಚೀಸ್‌ಮನ್ ಅಣೆಕಟ್ಟಿನ ಕೆಳಗಿನ ಕಮರಿ. ಡೆನ್ವರ್ ನಗರಕ್ಕೆ ಹತ್ತಿರವಾದುದರಿಂದ ವಾರಾಂತ್ಯಗಳಲ್ಲಿ ಇಲ್ಲಿಗೆ ಬರುವವರು ಹೆಚ್ಚು.
- ವೈಟ್ ನದಿ, ಅರ್ಕನ್ಸಾ: ಬುಲ್ ಶೋಲ್ಸ್ ಅಣೆಕಟ್ಟಿನ ಕೆಳಭಾಗ. ಇಲ್ಲಿ ಬ್ರೌನ್ ಟ್ರೌಟ್ ಬಹಳ ದೊಡ್ಡದಾಗಿ ಬೆಳೆಯುತ್ತದೆ.

ಈ ನದಿಗಳ ಟ್ರೌಟ್ ಸಂಪತ್ತಿಗೆ ತೆತ್ತ ಬೆಲೆಯೂ ಇದೆ. ಅಣೆಕಟ್ಟಿನ ತಣ್ಣೀರು ಬೆಚ್ಚಗಿನ, ಕೆಸರುನೀರಿಗೆ ಹೊಂದಿಕೊಂಡಿದ್ದ ಸ್ಥಳೀಯ ಮೀನುಗಳಿಗೆ ಮಾರಕವಾಯಿತು. ಗ್ರೀನ್ ನದಿಯಲ್ಲಿ ಅಣೆಕಟ್ಟಿನ ಬಾಗಿಲು ಮುಚ್ಚುವ ಮುನ್ನ, 1962ರಲ್ಲಿ, ಟ್ರೌಟ್‌ಗೆ ಸ್ಥಳ ಮಾಡಿಕೊಡಲೆಂದು ರೋಟೆನೋನ್ ಎಂಬ ವಿಷವನ್ನು ಬೆರೆಸಿ ಸ್ಥಳೀಯ ಮೀನುಗಳನ್ನು ಕೊಲ್ಲಲಾಗಿತ್ತು. ಆ ಜಲಾನಯನದ ಕೊಲರಾಡೊ ಪೈಕ್‌ಮಿನ್ನೊ, ರೇಜರ್‌ಬ್ಯಾಕ್ ಸಕ್ಕರ್ ಮುಂತಾದ ಮೀನುಗಳಿಗೆ ಈಗ ಕಾನೂನಿನ ರಕ್ಷಣೆ ಕೊಡಬೇಕಾಗಿ ಬಂದಿದೆ.

ಚಳಿಗಾಲದ ಆಹಾರ ಮತ್ತು ಕೃತಕ ನೊಣಗಳು

ಚಳಿಗಾಲದಲ್ಲಿ ಟ್ರೌಟ್‌ನ ಮುಖ್ಯ ಆಹಾರ ಮಿಜ್ ಎಂಬ ಅತಿ ಸಣ್ಣ ನೊಣಗಳು. ಇವು ಸೊಳ್ಳೆಯನ್ನು ಹೋಲುತ್ತವೆ, ಆದರೆ ಕಚ್ಚುವುದಿಲ್ಲ. ಇವುಗಳ ಮರಿಹುಳುಗಳು ನದಿಯ ತಳದ ಕೆಸರು ಮತ್ತು ಪಾಚಿಯಲ್ಲಿ ಬೆಳೆಯುತ್ತವೆ. ಕೆಲವು ಮರಿಹುಳುಗಳು ಹಿಮೋಗ್ಲೋಬಿನ್‌ನಿಂದಾಗಿ ಕೆಂಪಾಗಿರುತ್ತವೆ. ಮರಿಹುಳು ಕೋಶಾವಸ್ಥೆಗೆ ಬಂದು ನಿಧಾನವಾಗಿ ನೀರಿನ ಮೇಲ್ಮೈಗೆ ಏರುವಾಗ ಮೀನಿಗೆ ಸುಲಭವಾಗಿ ಸಿಗುತ್ತದೆ. ಬೇರೆ ಕೀಟಗಳು ಕಾಣದ ಡಿಸೆಂಬರ್, ಜನವರಿಗಳಲ್ಲಿಯೂ ಮಿಜ್‌ಗಳು ನಡುಹಗಲಿನಲ್ಲಿ ನೀರಿನಿಂದ ಹೊರಬರುತ್ತಿರುತ್ತವೆ. ಹಿಮದ ಮೇಲೆ ಓಡಾಡುವ ಸಣ್ಣ ಕಪ್ಪು ಸ್ಟೋನ್‌ಫ್ಲೈಗಳು ಚಳಿಗಾಲದ ಇನ್ನೊಂದು ಕೀಟ. ಚಳಿ ಕಡಿಮೆಯಾಗತೊಡಗಿದಾಗ, ಮೋಡ ಕವಿದ ದಿನಗಳಲ್ಲಿ, ಬೀಟಿಸ್ ಜಾತಿಯ ಮೇಫ್ಲೈಗಳು ಕಾಣಿಸಿಕೊಳ್ಳುತ್ತವೆ.

ಕೊಕ್ಕೆಗಳಿಗೆ ಸಂಖ್ಯೆಯಿಂದ ಅಳತೆ ಕೊಡುತ್ತಾರೆ. ಸಂಖ್ಯೆ ಹೆಚ್ಚಿದಂತೆ ಕೊಕ್ಕೆ ಚಿಕ್ಕದು. ಚಳಿಗಾಲದಲ್ಲಿ 18ರಿಂದ 24ರವರೆಗಿನ ಕೊಕ್ಕೆಗಳು ಬಳಕೆಯಲ್ಲಿವೆ. 20ನೆಯ ಸಂಖ್ಯೆಯ ನೊಣ ಒಂದು ಅಕ್ಕಿಕಾಳಿಗಿಂತ ದೊಡ್ಡದಿರುವುದಿಲ್ಲ. ಕಪ್ಪು ದಾರ, ಅದರ ಮೇಲೆ ಪಟ್ಟೆಯಂತೆ ಸುತ್ತಿದ ಬೆಳ್ಳಿಬಣ್ಣದ ತಂತಿ, ತಲೆಯ ಜಾಗದಲ್ಲಿ ಒಂದು ಲೋಹದ ಮಣಿ, ಇಷ್ಟರಿಂದಲೇ ಆಗುವ ಜೀಬ್ರಾ ಮಿಜ್ ಈ ಋತುವಿನ ಜನಪ್ರಿಯ ನೊಣ. ಕಟ್ಟಲು ಸುಲಭವಾದುದರಿಂದ ಮಕ್ಕಳು ಮೊದಲು ಕಲಿಯುವ ನೊಣಗಳಲ್ಲಿ ಇದೂ ಒಂದು.

ಸಲಕರಣೆಗಳು

ಸಾಮಾನ್ಯ ಗಾಳದಲ್ಲಿ ಎರೆಯ ಅಥವಾ ಗುಂಡಿನ ಭಾರ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಮೀನುಗಾರಿಕೆಯಲ್ಲಿ ಇದು ತಿರುವುಮುರುವು. ನೊಣಕ್ಕೆ ತೂಕವೇ ಇರುವುದಿಲ್ಲವೆನ್ನಬಹುದು. ದಪ್ಪನಾದ ಮುಖ್ಯ ದಾರದ ತೂಕವೇ ಅದನ್ನು ಒಯ್ಯಬೇಕು. ಮುಖ್ಯ ದಾರದ ತುದಿಗೆ ಕ್ರಮೇಣ ತೆಳುವಾಗುವ ಪಾರದರ್ಶಕ ಎಳೆಯನ್ನೂ ಅದರ ಕೊನೆಗೆ ಟಿಪ್ಪೆಟ್ ಎಂಬ ಅತಿ ತೆಳುವಾದ ಎಳೆಯನ್ನೂ ಕಟ್ಟಲಾಗುತ್ತದೆ. ಚಳಿಗಾಲದ ನೀರು ಕಡಿಮೆಯಾಗಿ, ತಿಳಿಯಾಗಿ ಇರುವುದರಿಂದ 0.15ರಿಂದ 0.10 ಮಿಲಿಮೀಟರ್ ದಪ್ಪದ ಟಿಪ್ಪೆಟ್‌ಗಳನ್ನು ಬಳಸುತ್ತಾರೆ. ದಾರ ಹಾದುಹೋಗುವ ಕೋಲಿನ ಬಳೆಗಳಲ್ಲಿ ಒದ್ದೆ ದಾರದ ನೀರು ಹೆಪ್ಪುಗಟ್ಟುವುದು ಈ ಋತುವಿನ ನಿತ್ಯದ ತೊಡಕು. ದಾರವನ್ನು ಪದೇಪದೇ ಒಳಕ್ಕೆ ಎಳೆಯದಿರುವುದು ಮತ್ತು ಕೋಲಿನ ತುದಿಯನ್ನು ಆಗಾಗ ನೀರಿನಲ್ಲಿ ಅದ್ದಿ ಮಂಜನ್ನು ಕರಗಿಸುವುದು ಇದಕ್ಕೆ ಪರಿಹಾರ. ಜಪಾನಿನ ಬೆಟ್ಟದ ತೊರೆಗಳಲ್ಲಿ ಬೆಳೆದುಬಂದ ತೆಂಕರ ಪದ್ಧತಿಯ ಕೋಲಿಗೆ ಬಳೆಗಳೂ ಇಲ್ಲ, ದಾರ ಸುತ್ತುವ ಗಾಲಿಯೂ ಇಲ್ಲ. ಕೋಲಿನ ತುದಿಗೇ ದಾರ ಕಟ್ಟಿರುವುದರಿಂದ ಹೆಪ್ಪುಗಟ್ಟುವ ತೊಂದರೆ ಕಡಿಮೆ. ಮಕ್ಕಳ ಕೈಗೂ ಅದು ಸುಲಭ.

ನೀರಿನಲ್ಲಿ ನಿಲ್ಲುವವರು ವೇಡರ್ ಎಂಬ, ಎದೆಯವರೆಗೆ ಬರುವ ಜಲನಿರೋಧಕ ಉಡುಪನ್ನು ತೊಡುತ್ತಾರೆ. ಒಳಗೆ ಉಣ್ಣೆಯ ಅಥವಾ ಕೃತಕ ನೂಲಿನ ಬಟ್ಟೆಗಳಿರಬೇಕು. ಹತ್ತಿಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಶಾಖವನ್ನೂ ಉಳಿಸುವುದಿಲ್ಲ. ಬೆಚ್ಚಗಿರಲೆಂದು ಎರಡು ಮೂರು ಜೊತೆ ಕಾಲುಚೀಲಗಳನ್ನು ಬಿಗಿಯಾಗಿ ತೊಡುವುದು ಸಾಮಾನ್ಯ ತಪ್ಪು. ರಕ್ತಸಂಚಾರಕ್ಕೆ ತಡೆಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಉಣ್ಣೆಯ ಗಡಸು ಬಟ್ಟೆಯಿಂದ ಮಾಡಿದ ಅಟ್ಟೆಯ ಬೂಟುಗಳಿಗೆ ಹಿಮ ಉಂಡೆಯಾಗಿ ಅಂಟಿಕೊಳ್ಳುವುದರಿಂದ ಮೊಳೆಗಳಿರುವ ರಬ್ಬರ್ ಅಟ್ಟೆಯೇ ಚಳಿಗಾಲಕ್ಕೆ ಯೋಗ್ಯ. ಅಂತಹ ಬಟ್ಟೆಯ ಅಟ್ಟೆಗಳು ಪರಕೀಯ ಜೀವಿಗಳನ್ನು ಒಂದು ನದಿಯಿಂದ ಇನ್ನೊಂದಕ್ಕೆ ಒಯ್ಯುತ್ತವೆಂಬ ಕಾರಣದಿಂದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 2018ರಿಂದ ಅವನ್ನು ನಿಷೇಧಿಸಲಾಗಿದೆ.

ವಿಧಾನ

ಸಾಮಾನ್ಯವಾಗಿ ಒಂದೇ ಎಳೆಗೆ ಎರಡು ನೊಣಗಳನ್ನು, ಒಂದರ ಕೆಳಗೆ ಇನ್ನೊಂದರಂತೆ, ಕಟ್ಟುತ್ತಾರೆ. ಮೇಲೆ ಸಣ್ಣ ಬೆಂಡು, ನೊಣಗಳ ಸಮೀಪ ಸಣ್ಣ ಭಾರದ ಗುಂಡು ಇರುತ್ತವೆ. ಮಡುವಿನ ಆಳವನ್ನು ಅಂದಾಜು ಮಾಡಿ, ನೊಣ ತಳದಿಂದ ಗೇಣುದ್ದ ಮೇಲೆ ತೇಲುವಂತೆ ಬೆಂಡಿನ ಜಾಗವನ್ನು ಹೊಂದಿಸಲಾಗುತ್ತದೆ. ಗಾಳವನ್ನು ಹರಿವಿನ ಮೇಲ್ಭಾಗಕ್ಕೆ ಎಸೆದು, ನೊಣ ನೀರಿನ ವೇಗದಲ್ಲಿಯೇ ಸಹಜವಾಗಿ ತೇಲಿಬರಲು ಬಿಡಬೇಕು. ದಾರವನ್ನು ಹರಿವು ಎಳೆದರೆ ನೊಣ ಅಸಹಜವಾಗಿ ಚಲಿಸುತ್ತದೆ ಮತ್ತು ಮೀನು ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ದಾರದ ನಡುಭಾಗವನ್ನು ಆಗಾಗ ಎತ್ತಿ ಹರಿವಿನ ಮೇಲ್ಬದಿಗೆ ಹಾಕುತ್ತಿರಬೇಕು.

ಚಳಿಗಾಲದ ಮೀನು ನೊಣವನ್ನು ಮೆಲ್ಲನೆ ಬಾಯಿಗೆ ತೆಗೆದುಕೊಂಡು, ರುಚಿಸದಿದ್ದರೆ ಕ್ಷಣದಲ್ಲಿ ಉಗುಳಿಬಿಡುತ್ತದೆ. ಬೆಂಡು ಮುಳುಗಬೇಕೆಂದೇನೂ ಇಲ್ಲ. ಅದು ಅರೆಕ್ಷಣ ತಡೆದು ನಿಂತರೂ ಕೋಲನ್ನು ಎತ್ತುವುದು ರೂಢಿ. ಮಡುವಿನ ಒಂದೇ ಪಟ್ಟಿಯಲ್ಲಿ ಹತ್ತು ಹದಿನೈದು ಸಲ ನೊಣವನ್ನು ತೇಲಿಬಿಟ್ಟು, ಬಳಿಕ ಒಂದಡಿ ಆಚೆಗೆ ಸರಿಯಬೇಕು. ಚಳಿಗಾಲದಲ್ಲಿ ಮೀನುಗಳು ಒಂದೆಡೆ ಗುಂಪಾಗಿ ನಿಲ್ಲುವುದರಿಂದ, ಒಂದು ಸಿಕ್ಕ ಕಡೆ ಇನ್ನೊಂದು ಇರುವ ಸಾಧ್ಯತೆ ಹೆಚ್ಚು.

ಕುಟುಂಬದೊಡನೆ ಮೀನುಗಾರಿಕೆ

ಮಕ್ಕಳೊಡನೆ ಚಳಿಗಾಲದ ನದಿಗೆ ಹೋಗುವಾಗ ಲೆಕ್ಕಕ್ಕೆ ಬರುವುದು ಮೀನಿನ ಸಂಖ್ಯೆಯಲ್ಲ, ಮಗುವಿನ ಕೈಕಾಲುಗಳ ಬಿಸಿ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಮೇಲ್ಮೈ ದೊಡ್ಡವರಿಗಿಂತ ಹೆಚ್ಚು. ಆದುದರಿಂದ ಅವರ ಮೈ ಬೇಗ ತಣ್ಣಗಾಗುತ್ತದೆ. ಅನುಭವಿಗಳು ಅನುಸರಿಸುವ ಕೆಲವು ಕ್ರಮಗಳು ಹೀಗಿವೆ:

- ಬಿಸಿಲಿರುವ, ಗಾಳಿಯಿಲ್ಲದ ದಿನವನ್ನು ಆರಿಸಿಕೊಳ್ಳುವುದು. ನದಿಯಲ್ಲಿ ಕಳೆಯುವ ಹೊತ್ತನ್ನು ಎರಡು ಮೂರು ಗಂಟೆಗೆ ಮಿತಗೊಳಿಸುವುದು.
- ವಾಹನ ನಿಲ್ಲಿಸಿದ ಜಾಗಕ್ಕೆ ಹತ್ತಿರವಾದ ಮಡುವಿನಲ್ಲಿ ಗಾಳ ಹಾಕುವುದು.
- ಮಕ್ಕಳನ್ನು ನೀರಿಗಿಳಿಸದೆ ದಡದಿಂದಲೇ ಗಾಳ ಹಾಕಿಸುವುದು. ಎಸೆಯುವ ಕೆಲಸ ಹಿರಿಯರದು, ಬೆಂಡನ್ನು ನೋಡುವ ಕೆಲಸ ಮಗುವಿನದು ಎಂದು ಹಂಚಿಕೊಳ್ಳುವುದು.
- ಇಬ್ಬರು ಹಿರಿಯರಿದ್ದರೆ ಒಬ್ಬರು ಮಾತ್ರ ಕೋಲು ಹಿಡಿದು, ಇನ್ನೊಬ್ಬರು ಮಕ್ಕಳ ಮೇಲೆ ಕಣ್ಣಿಡುವುದು.
- ಒಂದು ಜೊತೆ ಒಣ ಬಟ್ಟೆ, ಕೈಚೀಲ, ಕಾಲುಚೀಲ ಮತ್ತು ಫ್ಲಾಸ್ಕಿನಲ್ಲಿ ಸಿಹಿಯಾದ ಬಿಸಿ ಪಾನೀಯವನ್ನು ಒಯ್ಯುವುದು.
- ಮಗು ಚಳಿ ಎಂದ ಕೂಡಲೇ, ಮೀನು ಸಿಗುತ್ತಿದ್ದರೂ, ಹೊರಟುಬಿಡುವುದು.

ಕೋಲು ಹಿಡಿಯಲಾರದ ಸಣ್ಣ ಮಕ್ಕಳಿಗೂ ನದಿಯಲ್ಲಿ ಕೆಲಸವುಂಟು. ದಡದ ಅಂಚಿನಲ್ಲಿ ಚಹಾ ಸೋಸುವ ಜರಡಿಯನ್ನು ನೀರಿಗೊಡ್ಡಿ, ಅದರಲ್ಲಿ ಸಿಕ್ಕ ಕೀಟಗಳನ್ನು ಬಿಳಿಯ ಬಟ್ಟಲಿಗೆ ಹಾಕಿ ನೋಡಿದರೆ ಆ ದಿನ ಮೀನು ಏನನ್ನು ತಿನ್ನುತ್ತಿದೆ ಎಂಬುದು ತಿಳಿಯುತ್ತದೆ. ನೊಣದ ಪೆಟ್ಟಿಗೆಯಲ್ಲಿ ಅದಕ್ಕೆ ಹತ್ತಿರವಾದುದನ್ನು ಮಕ್ಕಳಿಂದಲೇ ಆರಿಸಿಸಬಹುದು. ಚಳಿಗಾಲದ ದೀರ್ಘ ಸಂಜೆಗಳಲ್ಲಿ ಮನೆಮಂದಿ ಒಟ್ಟಿಗೆ ಕುಳಿತು ನೊಣ ಕಟ್ಟುವುದೂ ಈ ಹವ್ಯಾಸದ ಭಾಗವೇ ಆಗಿದೆ.

ಪರವಾನಗಿಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೊಲರಾಡೊದಲ್ಲಿ 16 ವರ್ಷದೊಳಗಿನವರಿಗೆ ಮೀನು ಹಿಡಿಯಲು ಪರವಾನಗಿ ಬೇಕಿಲ್ಲ, ಹಿರಿಯರಿಗೆ ಬೇಕು.

ಸುರಕ್ಷತೆ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆದೊಯ್ಯುತ್ತದೆ. ತಣ್ಣೀರಿಗೆ ಬಿದ್ದ ಮನುಷ್ಯನಿಗೆ ಆಗುವುದನ್ನು ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಒಂದು, ಹತ್ತು, ಒಂದು ಎಂಬ ಸೂತ್ರದಿಂದ ವಿವರಿಸಿದ್ದಾರೆ. ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ. ಈ ಅವಧಿಯಲ್ಲಿ ತಲೆ ನೀರಿನ ಮೇಲಿರುವಂತೆ ನೋಡಿಕೊಂಡು ಉಸಿರನ್ನು ಸ್ಥಿಮಿತಕ್ಕೆ ತಂದುಕೊಳ್ಳಬೇಕು. ಮುಂದಿನ ಸುಮಾರು ಹತ್ತು ನಿಮಿಷ ಮಾತ್ರ ಕೈಕಾಲುಗಳು ಹೇಳಿದಂತೆ ಕೇಳುತ್ತವೆ. ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅಂದರೆ ಚಳಿಯಿಂದ ಸಾಯುವುದಕ್ಕೆ ಬಹಳ ಮುಂಚೆಯೇ, ಕೈಕಾಲು ಸೋತು ದಡ ಹತ್ತಲಾರದೆ ಮುಳುಗುವ ಅಪಾಯವಿದೆ.

ವೇಡರ್ ತೊಟ್ಟವರು ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಬಿದ್ದಾಗ ಒಳಗೆ ನೀರು ತುಂಬುವುದನ್ನು ಅದು ನಿಧಾನಗೊಳಿಸುತ್ತದೆ. ಮೊಣಕಾಲಿಗಿಂತ ಆಳಕ್ಕೆ ಇಳಿಯದಿರುವುದು ಚಳಿಗಾಲದಲ್ಲಿ ವಿವೇಕ. ದಡದಿಂದ ನೀರಿನ ಮೇಲೆ ಚಾಚಿಕೊಂಡಿರುವ ಮಂಜಿನ ಹಲಗೆಯ ಮೇಲೆ ಎಂದೂ ನಿಲ್ಲಬಾರದು. ಅದರ ಕೆಳಗೆ ನೀರು ಕೊರೆದು ಟೊಳ್ಳಾಗಿರುತ್ತದೆ. ವಿದ್ಯುದುತ್ಪಾದನೆಗಾಗಿ ನೀರು ಬಿಡುವ ಅಣೆಕಟ್ಟುಗಳ ಕೆಳಗೆ ನೀರಿನ ಮಟ್ಟ ಇದ್ದಕ್ಕಿದ್ದಂತೆ ಏರಬಹುದು. ನೀರು ಬಿಡುವ ವೇಳೆಯನ್ನು ಮುಂಚಿತವಾಗಿ ತಿಳಿದುಕೊಂಡು, ಎಚ್ಚರಿಕೆಯ ಸದ್ದು ಕೇಳಿದೊಡನೆ ದಡ ಸೇರಬೇಕು.

ತಡೆಯಿಲ್ಲದ ನಡುಕ, ತೊದಲು ಮಾತು, ತಡವರಿಸುವ ನಡಿಗೆ, ಮಂಕುತನ ಇವು ದೇಹದ ಉಷ್ಣತೆ ಅಪಾಯಕಾರಿಯಾಗಿ ಇಳಿಯುತ್ತಿರುವುದರ ಸೂಚನೆಗಳು. ಅಂಥವರನ್ನು ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು, ಒಣ ಹೊದಿಕೆ ಹೊದಿಸಿ, ವೈದ್ಯಕೀಯ ನೆರವು ಪಡೆಯಬೇಕು. ಮದ್ಯ ಕೊಡುವುದು ಹಾನಿಕರ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ದೇಹದ ಶಾಖವನ್ನು ಇನ್ನಷ್ಟು ಕಳೆಯುತ್ತದೆ.

ಮೊಟ್ಟೆಗೂಡುಗಳ ರಕ್ಷಣೆ

ಬ್ರೌನ್ ಟ್ರೌಟ್ ಶರತ್ಕಾಲದಿಂದ ಚಳಿಗಾಲದ ಆರಂಭದವರೆಗೆ ಮೊಟ್ಟೆಯಿಡುತ್ತದೆ; ರೇನ್‌ಬೋ ಟ್ರೌಟ್ ಹೆಚ್ಚಾಗಿ ಚಳಿಗಾಲದ ಕೊನೆಯಿಂದ ವಸಂತದವರೆಗೆ. ಹೆಣ್ಣುಮೀನು ಪಕ್ಕಕ್ಕೆ ಹೊರಳಿ ಬಾಲದಿಂದ ಬಡಿದು ತಳದ ಜಲ್ಲಿಯಲ್ಲಿ ಗುಳಿ ತೋಡುತ್ತದೆ. ಅದರಲ್ಲಿ ಮೊಟ್ಟೆಯಿಟ್ಟ ಮೇಲೆ ಹರಿವಿನ ಮೇಲ್ಬದಿಯ ಜಲ್ಲಿಯನ್ನು ಸಡಿಲಿಸಿ ಮುಚ್ಚುತ್ತದೆ. ಈ ಗೂಡಿಗೆ ಇಂಗ್ಲಿಷಿನಲ್ಲಿ ರೆಡ್ ಎನ್ನುತ್ತಾರೆ. ಕಲ್ಲುಗಳ ನಡುವೆ ಹಾದುಹೋಗುವ ನೀರಿನಿಂದ ಮೊಟ್ಟೆಗಳಿಗೆ ಆಮ್ಲಜನಕ ದೊರೆಯುತ್ತದೆ. 5 ಡಿಗ್ರಿ ಉಷ್ಣತೆಯ ನೀರಿನಲ್ಲಿ ಬ್ರೌನ್ ಟ್ರೌಟ್‌ನ ಮೊಟ್ಟೆ ಒಡೆಯಲು ಸುಮಾರು ಮೂರು ತಿಂಗಳು ಬೇಕು. ಒಡೆದ ಬಳಿಕವೂ ಮರಿಗಳು ಕೆಲವು ವಾರ ಜಲ್ಲಿಯೊಳಗೇ ಇರುತ್ತವೆ. ಹೀಗೆ ಚಳಿಗಾಲದುದ್ದಕ್ಕೂ ನದಿಯ ತಳದಲ್ಲಿ ಕಣ್ಣಿಗೆ ಕಾಣದ ಒಂದು ತೊಟ್ಟಿಲಿರುತ್ತದೆ.

ಮೀನುಗಾರನ ಬೂಟುಗಾಲು ಈ ಗೂಡಿಗೆ ಎಷ್ಟು ಹಾನಿ ಮಾಡುತ್ತದೆಂಬುದನ್ನು ರಾಬರ್ಟ್ಸ್ ಮತ್ತು ವೈಟ್ ಎಂಬ ಸಂಶೋಧಕರು ಪ್ರಯೋಗದಿಂದ ತೋರಿಸಿದ್ದಾರೆ. 1992ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಮೊಟ್ಟೆಯೊಡೆಯುವ ಮುನ್ನ ಒಂದೇ ಒಂದು ಸಲ ಗೂಡಿನ ಮೇಲೆ ನಡೆದರೂ ಶೇ. 43ರವರೆಗೆ ನಾಶವಾಗಬಹುದು. ಬೆಳವಣಿಗೆಯ ಅವಧಿಯುದ್ದಕ್ಕೂ ದಿನಕ್ಕೆ ಎರಡು ಸಲ ನಡೆದಾಗ ಶೇ. 96ರವರೆಗೆ ಮೊಟ್ಟೆ ಮತ್ತು ಮರಿಗಳು ಸತ್ತವು.

ಗೂಡುಗಳನ್ನು ಗುರುತಿಸುವುದು ಕಷ್ಟವಲ್ಲ. ಮೊಣಕಾಲಾಳದ, ಸಾಧಾರಣ ವೇಗದ ಹರಿವಿನಲ್ಲಿ, ಸುತ್ತಲಿನ ಪಾಚಿಗಟ್ಟಿದ ಕಲ್ಲುಗಳ ನಡುವೆ ಚೊಕ್ಕಟವಾಗಿ ತೊಳೆದಂತೆ ಹೊಳೆಯುವ ಮೊಟ್ಟೆಯಾಕಾರದ ಜಲ್ಲಿಪಟ್ಟಿ ಕಂಡರೆ ಅದು ಗೂಡಾಗಿರಬಹುದು. ಮೇಲ್ಬದಿಯಲ್ಲಿ ತಗ್ಗು, ಅದರ ಕೆಳಗೆ ದಿಬ್ಬ ಇರುತ್ತವೆ. ಮೊಟ್ಟೆಗಳಿರುವುದು ತಗ್ಗಿನಲ್ಲಲ್ಲ, ದಿಬ್ಬದಲ್ಲಿ. ಆದ್ದರಿಂದ ತಗ್ಗನ್ನು ತಪ್ಪಿಸಿ ಕೆಳಗಿನ ದಿಬ್ಬದ ಮೇಲೆ ನಡೆಯುವವನು ಗೂಡನ್ನು ಉಳಿಸಿದಂತಾಗುವುದಿಲ್ಲ. ಕಾಲಕಳೆದಂತೆ ಜಲ್ಲಿಯ ಮೇಲೆ ಮತ್ತೆ ಪಾಚಿ ಬೆಳೆದು ಗುರುತು ಅಳಿಸುವುದರಿಂದ, ಚಳಿಗಾಲದಲ್ಲಿ ಜಲ್ಲಿಯ ಹರವುಗಳಿಗೆ ಕಾಲಿಡದೆ ದಡದಿಂದಲೇ ಗಾಳ ಹಾಕುವುದು ಉತ್ತಮ. ಗೂಡಿನ ಮೇಲೆ ನಿಂತಿರುವ ಮೀನುಗಳಿಗೆ ಗಾಳ ಹಾಕುವುದನ್ನು ಬಹುತೇಕ ಮೀನುಗಾರರು ಅನುಚಿತವೆಂದು ಭಾವಿಸುತ್ತಾರೆ.

ಹಿಡಿದು ಬಿಡುವ ಕ್ರಮ

ಹಿಡಿದ ಮೀನನ್ನು ಜೀವಂತವಾಗಿ ಮರಳಿ ಬಿಡುವ ಪದ್ಧತಿಯನ್ನು ಅಮೆರಿಕದಲ್ಲಿ ಮೊದಲಿಗೆ ಪ್ರತಿಪಾದಿಸಿದವರಲ್ಲಿ ಲೀ ವುಲ್ಫ್ ಒಬ್ಬರು. 1939ರ ತಮ್ಮ ಪುಸ್ತಕದಲ್ಲಿ ಅವರು ಇದನ್ನು ಎತ್ತಿಹಿಡಿದರು. 1959ರಲ್ಲಿ ಮಿಶಿಗನ್‌ನಲ್ಲಿ ಸ್ಥಾಪನೆಯಾದ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆ ಟ್ರೌಟ್ ನದಿಗಳ ಸಂರಕ್ಷಣೆಗೆ ದುಡಿಯುತ್ತಿದೆ.

ಮೀನನ್ನು ಬಿಟ್ಟ ಮಾತ್ರಕ್ಕೆ ಅದು ಬದುಕಿತೆಂದು ಹೇಳಲಾಗುವುದಿಲ್ಲ. ಫರ್ಗುಸನ್ ಮತ್ತು ಟಫ್ಟ್ಸ್ ಎಂಬುವರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆನ್ನಾಗಿ ದಣಿಸಿದ ರೇನ್‌ಬೋ ಟ್ರೌಟ್‌ಗಳ ಪೈಕಿ ಗಾಳಿಗೆ ಒಡ್ಡದವುಗಳಲ್ಲಿ ಶೇ. 12, 30 ಸೆಕೆಂಡು ಗಾಳಿಗೆ ಒಡ್ಡಿದವುಗಳಲ್ಲಿ ಶೇ. 38, 60 ಸೆಕೆಂಡು ಒಡ್ಡಿದವುಗಳಲ್ಲಿ ಶೇ. 72ರಷ್ಟು ಸತ್ತವು. ಸೊನ್ನೆ ಡಿಗ್ರಿಗಿಂತ ತಣ್ಣಗಿನ ಗಾಳಿಯಲ್ಲಿ ಕಿವಿರುಗಳ ನಾಜೂಕಾದ ಎಳೆಗಳು ಹೆಪ್ಪುಗಟ್ಟುವ ಅಪಾಯವೂ ಸೇರಿಕೊಳ್ಳುತ್ತದೆ. ಆದುದರಿಂದ ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟಮಾಡುವುದು, ಕೈಯನ್ನು ನೀರಿನಲ್ಲಿ ಅದ್ದಿದ ಬಳಿಕವೇ ಮೀನನ್ನು ಮುಟ್ಟುವುದು, ಕೊಕ್ಕೆಯನ್ನು ನೀರಿನೊಳಗೇ ಬಿಡಿಸುವುದು ಅಗತ್ಯ. ಮಕ್ಕಳ ಆಸೆಗಾಗಿ ಛಾಯಾಚಿತ್ರ ತೆಗೆಯುವುದಾದರೆ ಮೀನು ನೀರಿನಲ್ಲಿರುವಾಗಲೇ ತೆಗೆಯಬಹುದು.

ಭಾರತದಲ್ಲಿ

ಟ್ರೌಟ್ ಭಾರತದ ಮೂಲನಿವಾಸಿಯಲ್ಲ. ಬ್ರಿಟಿಷರ ಕಾಲದಲ್ಲಿ ತಂದದ್ದು. ಕಾಶ್ಮೀರಕ್ಕೆ ಬ್ರಿಟನ್‌ನಿಂದ ಕಳುಹಿಸಿದ ಮೊದಲ ಕಂತಿನ ಮೊಟ್ಟೆಗಳು ದಾರಿಯಲ್ಲಿಯೇ ನಾಶವಾದವು. 1900ರಲ್ಲಿ ಬಂದ ಎರಡನೆಯ ಕಂತಿನಿಂದ ಅಲ್ಲಿ ಬ್ರೌನ್ ಟ್ರೌಟ್ ನೆಲೆಯೂರಿತು. ಹಿಮಾಚಲ ಪ್ರದೇಶದ ತೀರ್ಥನ್ ಮುಂತಾದ ನದಿಗಳಲ್ಲಿಯೂ ಇದು ಇದೆ. ದಕ್ಷಿಣದಲ್ಲಿ, ಕರ್ನಾಟಕಕ್ಕೆ ಹೊಂದಿಕೊಂಡಿರುವ ನೀಲಗಿರಿಯ ಅವಲಾಂಚಿಯಲ್ಲಿ ಎಚ್.ಸಿ. ವಿಲ್ಸನ್ 1907ರಲ್ಲಿ ಟ್ರೌಟ್ ಮರಿಗಳ ಉತ್ಪಾದನಾ ಕೇಂದ್ರವನ್ನು ಆರಂಭಿಸಿದನು. ಕರ್ನಾಟಕದ ಗಾಳ ಮೀನುಗಾರಿಕೆಯಲ್ಲಿ ಹೆಸರಾದ ಕಾವೇರಿಯ ಮಹಶೀರ್ ಬೆಚ್ಚಗಿನ ನೀರಿನ ಮೀನು. ಟ್ರೌಟ್‌ಗೂ ಅದಕ್ಕೂ ಸಂಬಂಧವಿಲ್ಲ.

ಈ ಲೇಖನದಲ್ಲಿ ವಿವರಿಸಿದ ಚಳಿಗಾಲದ ಮೀನುಗಾರಿಕೆಗೆ ಹಿಮಾಚಲ ಪ್ರದೇಶದ ಟ್ರೌಟ್ ನದಿಗಳಲ್ಲಿ ಅವಕಾಶವಿಲ್ಲ. ಮೊಟ್ಟೆಯಿಡುವ ಕಾಲವೆಂಬ ಕಾರಣಕ್ಕೆ ನವೆಂಬರ್ 1ರಿಂದ ಫೆಬ್ರವರಿ ಅಂತ್ಯದವರೆಗೆ ಅಲ್ಲಿ ಟ್ರೌಟ್ ಹಿಡಿಯುವುದು ನಿಷಿದ್ಧ. ಇಂಗ್ಲೆಂಡಿನ ನದಿಗಳಲ್ಲಿಯೂ ಚಳಿಗಾಲ ಬ್ರೌನ್ ಟ್ರೌಟ್‌ಗೆ ವಿರಾಮದ ಕಾಲವೇ ಆಗಿದ್ದು, ಆಗ ಗ್ರೇಲಿಂಗ್ ಎಂಬ ಮೀನನ್ನು ಹಿಡಿಯುತ್ತಾರೆ. ಅಮೆರಿಕದ ಹಲವು ನದಿಗಳಲ್ಲಿ ಕಾನೂನು ಬಾಗಿಲು ತೆರೆದಿಟ್ಟಿರುವುದರಿಂದ, ಮೊಟ್ಟೆಗೂಡನ್ನು ಉಳಿಸುವ ಹೊಣೆ ನೀರಿಗಿಳಿಯುವವನ ವಿವೇಕದ ಮೇಲೆಯೇ ಬಿದ್ದಿದೆ.

ಇವನ್ನೂ ನೋಡಿ

- ಟ್ರೌಟ್
- ಫ್ಲೈ ಮೀನುಗಾರಿಕೆ
- ಮಹಶೀರ್
- ಅಣೆಕಟ್ಟು
- ನೀಲಗಿರಿ